ಬಾವಿ ಪಿಚ್ಚರಿಗೆ ಎಷ್ಟನೆಯ ಸ್ಥಾನ?

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಕಾರ್ಯಕ್ರಮವೇ ಇರಲಿ, ಅದು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕತೊಡಗುತ್ತವೆ. ಹರಿಕಥೆಯಲ್ಲಿ ಮಂಗಳ ಹಾಡುವ ಹೊತ್ತಿಗೆ ನಾನು ದೇವಸ್ಥಾನದ ಮೆಟ್ಟಿಲಿಳಿದಿರುತ್ತೇನೆ. ನಾಟಕದಲ್ಲಿ ಕಳ್ಳ ಸಿಕ್ಕಿಬೀಳುವ ಮುನ್ನ ಆಟೋ ಹತ್ತಿರುತ್ತೇನೆ. ಮದುವೆ ಮನೆಯ ಊಟಕ್ಕೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ, ಅಷ್ಟರಮಟ್ಟಿಗೆ ನನ್ನ ಕಾಲುಗಳಿಗೂ ವಿವೇಕವಿದೆ.

ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನಾನು ಮೊನ್ನೆ ಮೊನ್ನೆ ನಿವೃತ್ತಳಾದೆ. ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಿದ್ದರು. ಭಾಷಣಗಳೆಲ್ಲ ಆಗಿ ಇನ್ನೇನು ವಂದನಾರ್ಪಣೆ ಶುರುವಾಗಬೇಕು, ನಾನು ವೇದಿಕೆಯ ಪಕ್ಕದಿಂದ ಇಳಿದು ಗೇಟಿನ ಹತ್ತಿರ ಹೋಗಿಬಿಟ್ಟಿದ್ದೆ. ಹೆಡ್ಮಾಸ್ಟರು ಮೈಕಿನಲ್ಲೇ ಕರೆದರು. "ಮೇಡಂ, ಹಾರ ಹಾಕೋದು ಬಾಕಿ ಇದೆ, ದಯವಿಟ್ಟು ಬರಬೇಕು." ಮಕ್ಕಳು ಗೊಳ್ಳೆಂದು ನಕ್ಕರು. ನನ್ನ ವಿದಾಯಕ್ಕೆ ನಾನೇ ಇರದೆ ಹೋಗುವುದರಲ್ಲಿದ್ದೆ.

ಈ ಅಭ್ಯಾಸ ಹೇಗೆ ಬಂತೆಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ನಾನು ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈಗ ಹೇಳುತ್ತೇನೆ, ಈಗ ಮನೆಯಲ್ಲಿ ಬೇಕಾದಷ್ಟು ಹೊತ್ತಿದೆ. ಇದಕ್ಕೆ ಕಾರಣ ಕೆರಗೋಡಿನ ಕೊನೆಯ ಬಸ್ಸು.

ನಮ್ಮೂರು ಕೆರಗೋಡು. ಅಲ್ಲಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಸಿನಿಮಾ ನೋಡುತ್ತಿದ್ದವರು ನಾನು ಮತ್ತು ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ ಜಯಮ್ಮ. ಮ್ಯಾಟಿನಿಗೆ ಹೋಗುವಂತಿರಲಿಲ್ಲ, ಮಧ್ಯಾಹ್ನ ಗದ್ದೆಗೆ ಊಟ ಹೊರಬೇಕು. ಸಂಜೆ ಹಾಲು ಕರೆದು ಡೈರಿಗೆ ಹಾಕಿ, ಮುಖಕ್ಕೆ ಒಂದಿಷ್ಟು ನೀರು ಎರಚಿಕೊಂಡು ಓಡಿದರೆ ಫಸ್ಟ್ ಶೋ ಸಿಗುತ್ತಿತ್ತು. ಆದರೆ ಊರಿಗೆ ಹೋಗುವ ಕೊನೆಯ ಬಸ್ಸು ಫಸ್ಟ್ ಶೋ ಬಿಡುವುದಕ್ಕೆ ಮುಂಚೆಯೇ ಹೊರಟುಬಿಡುತ್ತಿತ್ತು. ಹಾಗಾಗಿ ಪಿಚ್ಚರು ಇನ್ನೂ ಅರ್ಧ ಗಂಟೆ ಇದೆ ಎನ್ನುವಾಗ ಟಾಕೀಸಿನ ಗೇಟ್‌ಕೀಪರು ಬಾಗಿಲ ಪರದೆ ಸರಿಸಿ ಒಳಕ್ಕೆ ಟಾರ್ಚು ಬಿಟ್ಟು, ಪೂಜೆಯಲ್ಲಿ ಮಂತ್ರ ಹೇಳುವಷ್ಟು ಮೆಲ್ಲಗೆ, "ಕೆರಗೋಡು, ಕೆರಗೋಡು" ಅನ್ನುತ್ತಿದ್ದ. ತಕ್ಷಣ ಬೆಂಚಿನವರು, ಕುರ್ಚಿಯವರು, ಹೆಂಗಸರ ಕಡೆಯವರು, ನಮ್ಮೂರಿನವರೆಲ್ಲ ಧಡಧಡ ಎದ್ದು ನಿಲ್ಲುತ್ತಿದ್ದೆವು. ಹಿಂದೆ ಕೂತ ಮಂಡ್ಯದವರು, "ಕೂತ್ಕಳ್ರಲಾ, ತಲೆ ಅಡ್ಡ ಬತ್ತದೆ" ಅಂತ ಬೈಯುತ್ತಿದ್ದರು. ನಾಯಕಿ ಪರದೆಯ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ನಾವು ಅವಳಿಗೆ ಬೆನ್ನು ಮಾಡಿ ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿದ್ದೆವು.

ಒಟ್ಟಿನಲ್ಲಿ ನಮ್ಮ ಕಾಲದ ಕೆರಗೋಡಿನವರು ಯಾರೂ ಯಾವ ಪಿಚ್ಚರಿನ ಕೊನೆಯನ್ನೂ ಕಂಡವರಲ್ಲ.

ಬೇರೆ ಪಿಚ್ಚರಾದರೆ ನಷ್ಟವಿರಲಿಲ್ಲ. ಹೊಡೆದಾಟ, ಪೊಲೀಸು, ಮದುವೆ, ಶುಭಂ, ಯಾರು ಬೇಕಾದರೂ ಊಹಿಸಬಹುದು. ಆದರೆ ನಾವಿಬ್ಬರೂ ಮನಸ್ಸು ಕೊಟ್ಟಿದ್ದು ಒಬ್ಬ ನಿರ್ದೇಶಕರಿಗೆ. ಅವರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನೀವು ನಿಮಗೆ ಇಷ್ಟವಾದದ್ದನ್ನೆಲ್ಲ ಸಾಲಾಗಿ ಹೇಳಿ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತೀರಿ. ಆ ಜಗಳ ಆಡಬೇಕಾದವಳು ನನಗೆ ಒಬ್ಬಳೇ ಇದ್ದಳು. ಅವರ ಪಿಚ್ಚರಿನಲ್ಲಿ ಖಳನಾಯಕ ಇರುತ್ತಿರಲಿಲ್ಲ. ಯಾರೋ ಒಬ್ಬರು ಒಂದು ಮನೆಗೆ ಬರುತ್ತಾರೆ, ಯಾರೋ ಹೋಗುತ್ತಾರೆ, ನಡುವೆ ಎಲ್ಲರೂ ಊಟ ಮಾಡುತ್ತಾರೆ, ಅಷ್ಟೇ. ಇನ್ನೇನು ಏನೋ ಆಗುತ್ತದೆ ಅನ್ನುವಾಗ ನಮ್ಮ ಟಾರ್ಚು ಬರುತ್ತಿತ್ತು. ಪೇಪರಿನಲ್ಲಿ ದೊಡ್ಡ ದೊಡ್ಡವರು "ಇವರ ಚಿತ್ರದ ಜೀವವೆಲ್ಲ ಕೊನೆಯ ದೃಶ್ಯದಲ್ಲಿದೆ" ಎಂದು ಬರೆದದ್ದನ್ನು ಓದಿ ನಾವಿಬ್ಬರೂ ಮುಖ ಮುಖ ನೋಡಿಕೊಂಡಿದ್ದೇವೆ.

ಪಿಚ್ಚರಿನ ಹೆಸರು ಹೇಳುವ ರೂಢಿ ನಮ್ಮೂರಿನಲ್ಲಿ ಇರಲಿಲ್ಲ. ಪೋಸ್ಟರಿನಲ್ಲಿ ಇದ್ದದ್ದು ಪೋಸ್ಟರಿಗೆ. ನಮಗೆ ಅದು ಕೊಡೆ ಪಿಚ್ಚರ್, ಗಡಿಯಾರದ ಪಿಚ್ಚರ್, ಬಾವಿ ಪಿಚ್ಚರ್. ಈಗಲೂ ನನಗೆ ಅವುಗಳ ನಿಜವಾದ ಹೆಸರು ಥಟ್ಟನೆ ನೆನಪಿಗೆ ಬರುವುದಿಲ್ಲ.

ಕೊನೆಯನ್ನು ಕಟ್ಟುತ್ತಿದ್ದದ್ದು ಬಸ್ಸಿನಲ್ಲಿ. ಬಸ್ಸು ಮಂಡ್ಯ ದಾಟಿ ಕಬ್ಬಿನ ಗದ್ದೆಗಳ ನಡುವೆ ಬರುವಷ್ಟರಲ್ಲಿ ಕಂಡಕ್ಟರಣ್ಣ ಟಿಕೆಟು ಹರಿದು ಮುಗಿಸಿ, ಕಂಬಿಗೆ ಒರಗಿ, "ಊಂ, ಎಲ್ಲಿಗೆ ಬಂದಿತ್ತು?" ಅಂತ ಕೇಳುತ್ತಿದ್ದ. ಅವನಿಗೆ ಪಿಚ್ಚರು ನೋಡುವ ಭಾಗ್ಯವೇ ಇರಲಿಲ್ಲ, ಎಲ್ಲವನ್ನೂ ಬಸ್ಸಿನಲ್ಲೇ ಕೇಳಿ ತಿಳಿದವನು. ಒಬ್ಬರು ಎಲ್ಲಿಗೆ ಬಂದಿತ್ತೆಂದು ಹೇಳುತ್ತಿದ್ದರು. ಆಮೇಲೆ ಒಬ್ಬೊಬ್ಬರೂ ಒಂದೊಂದು ಕೊನೆ. ಮುಂದಿನ ಸೀಟಿನಲ್ಲಿ ಒಬ್ಬ ತಾತ ಇದ್ದರು. ಯಾವ ಪಿಚ್ಚರಾದರೂ ಅವರದು ಒಂದೇ ತೀರ್ಮಾನ.

"ಆವು ಕಚ್ಚುಸ್ಬುಡಿ."

"ಯಾರ್ಗೆ ತಾತ? ಇದ್ರಾಗೆ ಕೆಟ್ಟೋರೇ ಇಲ್ವಲ್ಲ" ಎಂದು ಅತ್ತಿಗೆ ಕೇಳುತ್ತಿದ್ದಳು.

"ಯಾರ್ಗಾದ್ರೂ ಕಚ್ಲಿ ಬುಡವ್ವ. ಮುಗೀಬೇಕಲ್ಲ ಕತೆ."

ಎಲ್ಲರೂ ಮಾತಾಡಿ ಸುಸ್ತಾದ ಮೇಲೆ ಕಂಡಕ್ಟರಣ್ಣ ಅತ್ತಿಗೆಯ ಕಡೆ ತಿರುಗುತ್ತಿದ್ದ. "ನೀನೇನಂತೀಯ ಜಯಕ್ಕ?" ಅತ್ತಿಗೆ ಸೆರಗನ್ನು ಬಿಗಿಮಾಡಿಕೊಂಡು ಹೇಳಿದ್ದೇ ಕೊನೆ. ಅದರ ಮೇಲೆ ಅಪೀಲಿರಲಿಲ್ಲ. ಮಾರನೆಯ ಬೆಳಗ್ಗೆ ಹಾಲಿನ ಡೈರಿಯಲ್ಲಿ ಆ ಕೊನೆಯೇ ಊರಿಗೆಲ್ಲ ಹಂಚಿಹೋಗುತ್ತಿತ್ತು.

ಬಸ್ಸಿಳಿದು ಮನೆಯವರೆಗಿನ ದಾರಿ ನಮ್ಮಿಬ್ಬರದೇ. ಅಲ್ಲಿ ನಡೆಯುತ್ತಿದ್ದದ್ದು ಸ್ಥಾನ ಕೊಡುವ ಕೆಲಸ. ಅವರ ಪಿಚ್ಚರುಗಳಲ್ಲಿ ಯಾವುದು ಫಸ್ಟು, ಯಾವುದು ಸೆಕೆಂಡು, ಹೊಸದಾಗಿ ನೋಡಿದ್ದು ಯಾವುದರ ಮೇಲೆ ಕೂರಬೇಕು, ಯಾವುದರ ಕೆಳಗೆ. ನನಗೆ ಗಣಿತದ ಬುದ್ಧಿ, ನಾನು ಹಾಡಿಗಿಷ್ಟು ನಟನೆಗಿಷ್ಟು ಎಂದು ಅಂಕ ಹಾಕಲು ಹೋಗುತ್ತಿದ್ದೆ. ಅತ್ತಿಗೆಯದು ಬೇರೆಯೇ ತಕ್ಕಡಿ. ಒಂದು ಪಿಚ್ಚರಿಗೆ ಡೆಲ್ಲಿಯಲ್ಲಿ ಪ್ರಶಸ್ತಿ ಬಂದಿತ್ತು. ಅದರಲ್ಲಿ ನಾಯಕ ನಮ್ಮ ಕಡೆಯ ರೈತ, ತಟ್ಟೆಯ ಮುಂದೆ ಕೂತು ರಾಗಿ ಮುದ್ದೆಯನ್ನು ಬಾಯಿಗಿಟ್ಟು ಚೆನ್ನಾಗಿ ಅಗಿದು ಅಗಿದು ತಿನ್ನುತ್ತಾನೆ. ಅತ್ತಿಗೆ ಟಾಕೀಸಿನಲ್ಲೇ ನನ್ನ ತೊಡೆ ಚಿವುಟಿದಳು.

"ಅಮ್ಮಿ ಸಾರ್ದಿ, ಮುದ್ದೆ ಅಗೀತಾವ್ನೆ ಕಣೆ."

"ಪ್ರಶಸ್ತಿ ಬಂದದೆ ಅತ್ಗೆ."

"ಬರ್ಲಿ. ಮುದ್ದೆ ಅಗಿಯೋನ್ನ ನಂಬ್ಕಂಡು ಯಾರು ಅಳ್ತಾರೆ?"

ಆ ಪಿಚ್ಚರು ಕಟ್ಟಕಡೆಗೆ ಹೋಗಿ ಕೂತದ್ದು ಮತ್ತೆ ಮೇಲೇಳಲಿಲ್ಲ. ಅದಕ್ಕೆ ಹೆಸರೇ ಮುದ್ದೆ ಅಗಿದ ಪಿಚ್ಚರ್ ಎಂದಾಯಿತು. ನುಂಗಬೇಕಾದ್ದನ್ನು ಅಗಿಯುವವರ ಬಗ್ಗೆ ನನಗೂ ಇವತ್ತಿನವರೆಗೆ ಪೂರ್ತಿ ನಂಬಿಕೆ ಬಂದಿಲ್ಲ.

ಸ್ಥಾನ ಕೊಡುವುದಕ್ಕೆ ಒಂದೇ ನಿಯಮ. ಇಬ್ಬರೂ ಒಪ್ಪಬೇಕು. ಕೆಳಗಿನ ಸ್ಥಾನಗಳಿಗೆಲ್ಲ ಮನೆ ಬಾಗಿಲು ಬರುವಷ್ಟರಲ್ಲಿ ಒಪ್ಪಿಗೆ ಆಗಿಬಿಡುತ್ತಿತ್ತು. ತಕರಾರಿದ್ದದ್ದು ಮೊದಲನೆಯ ಸ್ಥಾನಕ್ಕೆ. ನನ್ನದು ಕೊಡೆ ಪಿಚ್ಚರ್, ಅತ್ತಿಗೆಯದು ಬಾವಿ ಪಿಚ್ಚರ್.

ಕೊಡೆ ಪಿಚ್ಚರಿನಲ್ಲಿ ಒಬ್ಬ ಗುಮಾಸ್ತ ಮಳೆಗೆಂದು ಒಬ್ಬರ ಮನೆಯ ಜಗುಲಿಗೆ ಬಂದು, ಹೋಗುವಾಗ ಕೊಡೆ ಮರೆಯುತ್ತಾನೆ. ತೆಗೆದುಕೊಳ್ಳಲು ಬಂದವನು ಮತ್ತೆ ಮರೆಯುತ್ತಾನೆ. ಆ ಮನೆಯ ಹುಡುಗಿ ಪ್ರತಿ ಸಲವೂ ಕೊಡೆಯನ್ನು ಒರೆಸಿ ಮೊಳೆಗೆ ಹಾಕುತ್ತಾಳೆ. ಆ ವಯಸ್ಸಿನಲ್ಲಿ ನಮ್ಮ ಜಗುಲಿಯಲ್ಲಿ ಯಾರಾದರೂ ಕೊಡೆ ಮರೆತು ಹೋಗಬಾರದೇ ಎಂದು ನನಗೂ ಅನ್ನಿಸುತ್ತಿತ್ತು. ಮಂಡ್ಯ ಸೀಮೆಯಲ್ಲಿ ಅಷ್ಟು ಮಳೆ ಬರುವುದಿಲ್ಲ. ನನಗೆ ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ಬೇರೆಯೇ ಪ್ರಬಂಧ, ಅದನ್ನು ಬರೆಯುವಷ್ಟು ಸ್ವಾರಸ್ಯ ಅದರಲ್ಲಿಲ್ಲ.

ಬಾವಿ ಪಿಚ್ಚರಿನಲ್ಲಿ ಇಬ್ಬರು ಹೆಂಗಸರು, ಒಂದು ಮನೆ. ಒಬ್ಬಳು ದೂರದ ನೆಂಟಸ್ತಿಕೆಯ ನೆಪದಲ್ಲಿ ಆ ಮನೆಗೆ ಬಂದು ಸೇರಿಕೊಂಡವಳು, ಇನ್ನೊಬ್ಬಳು ಮನೆಯಾಕೆ. ಮೊದಮೊದಲು ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಆಮೇಲೆ ದಿನಾ ಬಾವಿಯಲ್ಲಿ ನೀರು ಸೇದುತ್ತಾ ಸೇದುತ್ತಾ ಹೊಂದಿಕೊಳ್ಳುತ್ತಾರೆ. ಒಬ್ಬಳು ಸೇದುವುದು, ಇನ್ನೊಬ್ಬಳು ತುಂಬಿಸುವುದು, ಆಮೇಲೆ ಒಬ್ಬೊಬ್ಬರು ಒಂದೊಂದು ಕೊಡ ಹೊರುವುದು. ಒಂದು ದಿನ ಬಂದವಳು ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಮನೆಯಾಕೆ ಒಳಗೆ ನಿಂತಿದ್ದಾಳೆ. ಇಬ್ಬರೂ ಮಾತಾಡುವುದಿಲ್ಲ. "ಕೆರಗೋಡು, ಕೆರಗೋಡು."

ಅವತ್ತು ಬಸ್ಸಿನಲ್ಲಿ ದೊಡ್ಡ ಚರ್ಚೆಯಾಯಿತು. ಹೋಗುತ್ತಾಳೆ ಅಂತ ಅರ್ಧ ಬಸ್ಸು, ಇರುತ್ತಾಳೆ ಅಂತ ಅರ್ಧ ಬಸ್ಸು. ತಾತ ಮಾತ್ರ ಟ್ರಂಕಿನಲ್ಲಿ ಹಾವಿದೆ ಎಂದರು. ಕಡೆಗೆ ಅತ್ತಿಗೆ ಹೇಳಿದಳು.

"ಓಯ್ತಾಳೆ. ಓಗಿ ಬಸ್‌ಸ್ಟಾಪ್ನಾಗೆ ನಿಂತ್ಕತ್ತಾಳೆ. ಬಸ್ಸು ಬರಾಕಿಲ್ಲ. ಕತ್ಲಾಯ್ತದೆ. ವಾಪಸ್ ಬತ್ತಾಳೆ. ಮನೆಯೋಳು ಬಾಗ್ಲು ತೆಗ್ದು, ಏನೂ ಕೇಳಾಕಿಲ್ಲ. ಕೈಕಾಲ್ ತೊಳ್ಕೊ, ಮುದ್ದೆ ಆರೋಯ್ತದೆ ಅಂತಾಳೆ. ಅಷ್ಟೇಯ."

ಕಂಡಕ್ಟರಣ್ಣ, "ಬಸ್ಸು ಬರ್ದೇ ಇರೋದೂ ಒಂದೊಂದ್ಸಲ ಒಳ್ಳೇದೆ ಕಣಕ್ಕ" ಅಂದ. ಸರ್ಕಾರಿ ನೌಕರನೊಬ್ಬ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದಾದ ಸ್ವಲ್ಪ ದಿನಕ್ಕೆ ನನಗೆ ಮಳವಳ್ಳಿಗೆ ಕೆಲಸದ ಆರ್ಡರು ಬಂತು. ನಾನೂ ಒಂದು ಟ್ರಂಕು ಹಿಡಿದು ಹೊರಟೆ. ಅತ್ತಿಗೆ ಹೊಸ್ತಿಲಲ್ಲಿ ನಿಂತು, "ಓಗ್ಬುಟ್ಟು ಬಾ" ಅಂದಳು. ನಾಲ್ಕು ಕೋಡುಬಳೆ ಕಟ್ಟಿಕೊಟ್ಟಳು. ಪಿಚ್ಚರಿಗೂ ಇದಕ್ಕೂ ಇದ್ದ ಹೋಲಿಕೆ ನನಗೆ ಆಗ ಹೊಳೆಯಲೇ ಇಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿತು.

ಮಳವಳ್ಳಿಯಲ್ಲಿ ನನ್ನ ರೂಮಿಗೆ ಟಾಕೀಸು ಪಕ್ಕದಲ್ಲೇ ಇತ್ತು. ಹಾಡು ಕಿಟಕಿಯಿಂದ ಕೇಳುತ್ತಿತ್ತು. ನಮ್ಮ ನಿರ್ದೇಶಕರ ರೈಲು ಪಿಚ್ಚರ್ ಅಲ್ಲಿಗೆ ಬಂದಾಗ ಒಬ್ಬಳೇ ಹೋಗಿ ಕೂತೆ. ಬಸ್ಸು ಹಿಡಿಯುವ ಹಂಗಿಲ್ಲ, ಕೊನೆ ನೋಡಿಯೇ ಬಿಡೋಣ ಅಂತ. ಇನ್ನು ಅರ್ಧ ಗಂಟೆ ಇದೆ ಅನ್ನುವಾಗ ನನ್ನ ಕಾಲು ಎದ್ದು ನಿಂತಿತು. ಯಾರೂ ಟಾರ್ಚು ಬಿಟ್ಟಿರಲಿಲ್ಲ, ಯಾರೂ ಕರೆದಿರಲಿಲ್ಲ. ಎದ್ದು ರೂಮಿಗೆ ಬಂದು ಮಂಚದ ಮೇಲೆ ಕೂತೆ. ಕಿಟಕಿಯಿಂದ ಪಿಚ್ಚರಿನ ಮಾತು ಗುಸುಗುಸು ಕೇಳುತ್ತಿತ್ತು. ರೈಲು ಎಲ್ಲಿಗೆ ಹೋಯಿತೆಂದು ಹೇಳಲು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಅವತ್ತು ನನಗೆ ತಡೆಯಲಾರದಷ್ಟು ಒಂಟಿ ಅನ್ನಿಸಿತು. ಆಮೇಲೆ ಅವರ ಪಿಚ್ಚರನ್ನು ಒಬ್ಬಳೇ ನೋಡಲು ಹೋಗಲಿಲ್ಲ. ರಜೆಗೆ ಊರಿಗೆ ಬಂದಾಗ ಅತ್ತಿಗೆಯ ಜೊತೆಯೇ ಹೋಗಿ, ಜೊತೆಯೇ ಎದ್ದು ಬಂದಿದ್ದೇನೆ.

ಆಮೇಲೆ ಮದ್ದೂರಿಗೆ ವರ್ಗವಾಯಿತು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಅಲ್ಲೇ ಉಳಿದುಬಿಟ್ಟೆ. ಮದ್ದೂರಿನಲ್ಲಿದ್ದೇನೆ ಅಂದರೆ ಎಲ್ಲರೂ ವಡೆ ಕೇಳುತ್ತಾರೆ. ಅಷ್ಟು ವರ್ಷದಲ್ಲಿ ನಾನು ಹೇಗಿದ್ದೇನೆ ಎಂದು ಕೇಳಿದವರಿಗಿಂತ ವಡೆ ಕೇಳಿದವರೇ ಹೆಚ್ಚು. ಅತ್ತಿಗೆ ಎರಡನ್ನೂ ಕೇಳುತ್ತಿರಲಿಲ್ಲ. ಭಾನುವಾರ ಹಾಲು ಹಾಕಿ ಬಂದು ಫೋನು ಮಾಡಿದವಳೇ, "ಏನಮ್ಮಿ, ಬಾವಿ ಮೇಲಕ್ಕೆ ಓಯ್ತಾ?" ಅನ್ನುತ್ತಿದ್ದಳು.

"ಇಲ್ಲ ಅತ್ಗೆ. ಕೊಡೆ ಇನ್ನೂ ಅಲ್ಲೇ ಅದೆ."

"ನಿನ್ ಕೊಡೆ ತೂತ್ ಬಿದ್ದೋಗ."

ಅಲ್ಲಿಂದ ಮಾತು ಶುರು. ಸೊಪ್ಪಿನ ಸಾರು, ಹಸು ಕರು ಹಾಕಿದ್ದು, ಅಣ್ಣನ ಮಂಡಿ ನೋವು, ಯಾರ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟದ್ದು, ಎಲ್ಲವೂ ಬಾವಿ ಮತ್ತು ಕೊಡೆಯ ನಡುವೆಯೇ ಬಂದು ಹೋಗುತ್ತಿದ್ದವು. ನಿರ್ದೇಶಕರು ತೀರಿಕೊಂಡ ದಿನವೂ ಫೋನು ಮಾಡಿದಳು. ಅವತ್ತು ಮಾತ್ರ ಜಗಳವಾಡಲಿಲ್ಲ. "ಇನ್ಮೇಲೆ ಯಾವ್ದೂ ಬಂದು ಮಧ್ಯ ಸೇರ್ಕಳಾಕಿಲ್ಲ ಕಣೆ" ಅಂದಳು. ಆಮೇಲೆ ಒಂದು ಮಾತಾಯಿತು. ನಾನು ರಿಟೈರ್ ಆದ ಮೇಲೆ ಅವಳು ಮದ್ದೂರಿಗೆ ಬಂದು ಇರಬೇಕು, ಇಬ್ಬರೂ ಕೂತು ಎಲ್ಲ ಪಿಚ್ಚರುಗಳ ಕೊನೆಯನ್ನೂ ಒಂದೊಂದಾಗಿ ನೋಡಬೇಕು, ಆಮೇಲೆ ಮೊದಲನೆಯ ಸ್ಥಾನ ಯಾವುದಕ್ಕೆಂದು ತೀರ್ಮಾನ. ಅಲ್ಲಿಯವರೆಗೆ ಟೀವಿಯಲ್ಲಿ ಬಂದರೂ ಇಬ್ಬರೂ ಕೊನೆ ನೋಡುವಂತಿಲ್ಲ.

"ನೀನು ರಿಟೈರ್ ಆಗಮ್ಮಿ ಮೊದ್ಲು. ಹಸೀನೆಲ್ಲ ಸೊಸೆ ಕೈಗೆ ಕೊಟ್ಬುಟ್ಟು ಬತ್ತೀನಿ."

ಬರಲಿಲ್ಲ. ನಾನು ರಿಟೈರ್ ಆಗುವುದಕ್ಕೆ ಕೆಲವು ತಿಂಗಳಿರುವಾಗ, ಕೊಟ್ಟಿಗೆಯಲ್ಲಿ ಎದೆ ನೋವೆಂದು ಕೂತವಳು ಮಂಡ್ಯದ ಆಸ್ಪತ್ರೆ ಸೇರುವ ಮುನ್ನವೇ ಹೋಗಿಬಿಟ್ಟಳು.

ಬೀಳ್ಕೊಡುಗೆಗೆ ಸಹೋದ್ಯೋಗಿಗಳು ಸೇರಿ ಒಂದು ದೊಡ್ಡ ಟೀವಿ ಕೊಟ್ಟರು. ಗೋಡೆಗೆ ಹಾಕಿಸಿದೆ. ನಮ್ಮ ನಿರ್ದೇಶಕರ ಪಿಚ್ಚರುಗಳೆಲ್ಲ ಅದರಲ್ಲಿ ಸಿಕ್ಕಿದವು, ಕೊನೆಗಳ ಸಮೇತ. ಮಾತಾಗಿದ್ದದ್ದು ಇಬ್ಬರೂ ಕೂತು ನೋಡುವುದೆಂದು. ಈಗ ಇಬ್ಬರೂ ಎಂದರೆ ನಾನೊಬ್ಬಳೇ. ಬಾವಿಯೊಂದನ್ನು ಬಿಟ್ಟು ಉಳಿದದ್ದನ್ನು ನೋಡೋಣವೆಂದು ಕೂತೆ.

ಗಡಿಯಾರದ ಪಿಚ್ಚರಿನಲ್ಲಿ ಬಸ್ಸು ತೀರ್ಮಾನ ಮಾಡಿದ್ದ ಪ್ರಕಾರ ಗಡಿಯಾರ ರಿಪೇರಿಯವನ ತಮ್ಮ ವಾಪಸು ಬರಬೇಕು. ನಿಜವಾಗಿ ರಿಪೇರಿಯವನು ಅಂಗಡಿ ಬಾಗಿಲು ಹಾಕಿಕೊಂಡು ಟೀ ಕುಡಿಯಲು ಹೋಗುತ್ತಾನೆ, ಮುಗಿಯಿತು. ನಮ್ಮ ಬಸ್ಸಿನದೇ ವಾಸಿ ಅನ್ನಿಸಿತು. ರೈಲು ಪಿಚ್ಚರಿನ ಕೊನೆ ಮಾತ್ರ ಬಹಳ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, "ಅತ್ಗೆ, ಇದನ್ನ ಮೇಲಕ್ಕೆ ತರಬೇಕು" ಎಂದು ಪಕ್ಕಕ್ಕೆ ತಿರುಗಿಬಿಟ್ಟೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಸ್ತ್ರಿಗೆ ಹಾಕಬೇಕಾದ ಸೀರೆಗಳಿದ್ದವು. ಕೊಡೆ ಪಿಚ್ಚರಿನಲ್ಲಿ ನಾವು ಅವರಿಬ್ಬರಿಗೂ ಧಾಂಧೂಂ ಮದುವೆ ಮಾಡಿಸಿದ್ದೆವು, ಚಪ್ಪರಕ್ಕೆ ಬಾಳೆಕಂದು ಕೂಡ ಕಂಡಕ್ಟರಣ್ಣನೇ ಕಟ್ಟಿಸಿದ್ದ. ನಿಜವಾದ ಕೊನೆಯಲ್ಲೂ ಮದುವೆಯೇ. ಆದರೆ ಹತ್ತು ನಿಮಿಷದ ಹಾಡು, ಹೂವಿನ ತೋಟ, ಬಣ್ಣಬಣ್ಣದ ಕೊಡೆ ಹಿಡಿದು ಕುಣಿಯುವವರ ಒಂದು ಗುಂಪು. ಯಾರೋ ನಿರ್ಮಾಪಕರು ಬಲವಂತ ಮಾಡಿ ಸೇರಿಸಿದ್ದಿರಬೇಕು. ಅಷ್ಟು ವರ್ಷ ನಾನು ಎದೆಗೊತ್ತಿಕೊಂಡಿದ್ದ ಕೊಡೆ ಪಿಚ್ಚರು ಕೊನೆಯಲ್ಲಿ ಪೂರ್ತಿ ನೆಗೆದುಬಿದ್ದಿತು. ಅತ್ತಿಗೆ ಇದ್ದಿದ್ದರೆ ಇದನ್ನು ಸಾಯುವವರೆಗೂ ಅವಳಿಗೆ ತಿಳಿಯಗೊಡುತ್ತಿರಲಿಲ್ಲ. ಈಗ ತಿಳಿಸೋಣವೆಂದರೆ ಯಾರಿಗೆ?

ಉಳಿದದ್ದು ಬಾವಿ. ಬೆರಳು ಅದರ ಚಿತ್ರದ ಮೇಲೆ ಹೋಗುತ್ತಿತ್ತು, ವಾಪಸು ಬರುತ್ತಿತ್ತು. ಮುದ್ದೆ ಆರೋಯ್ತದೆ ಎನ್ನುವ ಆ ಕೊನೆ ಅತ್ತಿಗೆ ಕಟ್ಟಿದ್ದು. ನಿಜವಾದದ್ದನ್ನು ನೋಡಿದರೆ ಅದು ಸುಳ್ಳಾಗುತ್ತದೆ. ಅವಳು ನನಗೆ ಬಿಟ್ಟುಹೋದದ್ದರಲ್ಲಿ ಅದೊಂದು ನನ್ನದು ಎಂದು ನಾನು ಹಿಡಿದುಕೊಂಡಿದ್ದೆ. ನೋಡದೆ ಇದ್ದರೆ ಮೊದಲನೆಯ ಸ್ಥಾನದ ತೀರ್ಮಾನ ಆಗುವುದಿಲ್ಲ, ಅವಳ ಜೊತೆ ಆಡಿದ ಮಾತು ಹಾಗೆಯೇ ಬಾಕಿ ಉಳಿಯುತ್ತದೆ. ಹೀಗೆ ಆಚೆ ಈಚೆ ಮಾಡುತ್ತಾ ದಿನ ಕಳೆದೆ. ಒಂಟಿ ಹೆಂಗಸಿಗೆ ಇಷ್ಟು ಚಿಂತೆಯಾದರೂ ಬೇಕಲ್ಲ.

ಅತ್ತಿಗೆಯ ವರ್ಷದ ತಿಥಿಗೆ ಕೆರಗೋಡಿಗೆ ಹೋದೆ. ಮಧ್ಯಾಹ್ನ ಊಟವಾಯಿತು. ನೆಂಟರು ಎಲೆ ಅಡಿಕೆ ಹಾಕಿಕೊಂಡು ಒಬ್ಬೊಬ್ಬರಾಗಿ ಹೊರಟರು. ಅಣ್ಣನ ಸೊಸೆ ಪಾತ್ರೆಗಳ ರಾಶಿಯ ಮುಂದೆ ಕೂತಿದ್ದಳು. ನಾನು ನಡುಮನೆಯಲ್ಲಿ ಗೋಡೆಗೆ ಒರಗಿದ್ದೆ. ಅಣ್ಣ ಬಂದು ಎದುರಿಗೆ ಕುರ್ಚಿ ಎಳೆದುಕೊಂಡ. ಅಣ್ಣ ಜನ್ಮದಲ್ಲಿ ಒಂದು ಪಿಚ್ಚರು ಪೂರ್ತಿ ನೋಡಿದವನಲ್ಲ. ಕತ್ತಲಲ್ಲಿ ಕೂರಿಸಿದರೆ ನಿದ್ದೆ ಹೋಗುತ್ತಾನೆ.

"ಅದೇನೋ ಬಾವಿ ಪಿಚ್ಚರು ಅಂತಿದ್ರಲ್ಲ ನೀವಿಬ್ರೂ. ಈ ಟೀವಿನಾಗೆ ಬತ್ತದಾ?"

"ಬತ್ತದೆ."

"ಆಕು ನೋಡವ."

"ಈಗ್ಲಾ? ಇವತ್ತಾ?"

"ಇನ್ಯಾವತ್ತು ನೋಡ್ತೀಯ?"

ಅಣ್ಣನ ಮಗ ಫೋನಿನಿಂದ ಏನೋ ಒತ್ತಿ ಪಿಚ್ಚರು ಹಾಕಿಕೊಟ್ಟು ಆಚೆ ಹೋದ. ನಾವಿಬ್ಬರೇ ಕೂತೆವು. ಅಣ್ಣ ನಿದ್ದೆ ಮಾಡಲಿಲ್ಲ. ಹೆಂಗಸರು ನೀರು ಸೇದುವುದನ್ನು, ಜಗಳವಾಡುವುದನ್ನು, ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚುವುದನ್ನು, ಮಂಡಿ ಮೇಲೆ ಕೈಯಿಟ್ಟುಕೊಂಡು ನೋಡಿದ. ಟ್ರಂಕು ಬಂತು. ಹೊಸ್ತಿಲು ಬಂತು. ನಾನು ಎದ್ದುಬಿಟ್ಟೆ ಎಂದು ನೀವು ಅಂದುಕೊಂಡಿರಬಹುದು. ಏಳಲಿಲ್ಲ. ಚಾಪೆಯನ್ನು ಗಟ್ಟಿಯಾಗಿ ಹಿಡಿದು ಕೂತೆ.

ಟ್ರಂಕು ಹಿಡಿದವಳು ಹೊಸ್ತಿಲು ದಾಟಿ ಹೋದಳು. ತಿರುಗಿ ನೋಡಲಿಲ್ಲ. ಅವಳು ಎಲ್ಲಿಗೆ ಹೋದಳು, ಬಸ್ಸು ಬಂತೋ ಇಲ್ಲವೋ, ನಮ್ಮ ನಿರ್ದೇಶಕರು ತೋರಿಸಲೇ ಇಲ್ಲ. ಅವಳ ಹಿಂದೆ ಹೋಗದೆ ಮನೆಯಲ್ಲೇ ಉಳಿದುಬಿಟ್ಟರು. ಇಷ್ಟು ವರ್ಷ ನಾನು ಆ ಪಿಚ್ಚರನ್ನು ಹೋದವಳ ಕತೆ ಎಂದುಕೊಂಡಿದ್ದೆ. ಅದು ಉಳಿದವಳ ಕತೆ. ಉಳಿದವಳು ಒಲೆ ಹಚ್ಚಿದಳು. ಬಾವಿಗೆ ಹೋದಳು. ದಿನದ ಹಾಗೆಯೇ ಸೇದಿ ಎರಡು ಕೊಡ ತುಂಬಿಸಿದಳು. ಒಂದನ್ನು ಸೊಂಟಕ್ಕೆ ಇಟ್ಟುಕೊಂಡು, ಇನ್ನೊಂದನ್ನು ಯಾರೋ ಎತ್ತಿಕೊಳ್ಳುತ್ತಾರೆಂದು ಒಂದು ಕ್ಷಣ ಕಾದಳು. ಆಮೇಲೆ ಅದನ್ನು ಬಾವಿಕಟ್ಟೆಯ ಮೇಲೆಯೇ ಬಿಟ್ಟು ಒಳಗೆ ಹೋದಳು. ಆ ತುಂಬಿದ ಕೊಡ ಅಲ್ಲೇ ಇತ್ತು. ಅಷ್ಟೇ.

ಅಣ್ಣ ಅಂದ.

"ಇದೇಯ. ಕೊನೆ ಇಂಗೇ ಅಂತ ಏಳಿದ್ಲು."

"ಯಾರು?"

"ನಿಮ್ಮತ್ಗೆ. ಒಂದ್ಸಲ ಟೀವಿನಾಗೆ ಬಂದಿತ್ತು. ಕೊನೆ ನೋಡ್ಬಾರ್ದು ಅಂತ ಮಾತಾಗದೆ, ಎದ್ದೋಯ್ತೀನಿ ಅಂತ್ಲೇ ಇದ್ಲು. ಎದ್ದೋಗ್ಲಿಲ್ಲ. ಪೂರ್ತಿ ನೋಡುದ್ಲು."

"ಅತ್ಳಾ?"

"ಇಲ್ಲ. ಎದ್ದೋಗಿ ಹಾಲು ಕರುದ್ಲು. ಉಣ್ಣಾಕೆ ಕೂತಾಗ ಅಂದ್ಲು, ಸಾರ್ದಿ ಊರು ಬುಟ್ಮೇಲೆ ನಾನೂ ಬೋ ದಿನ ಇಂಗೇ ಎಲ್ಡು ತಟ್ಟೆ ಆಕ್ಬುಡ್ತಿದ್ದೆ ಅಂತ. ನೀನು ಗದ್ದೇಲಿರ್ತಿದ್ದೆ, ನಿಂಗೊತ್ತಿಲ್ಲ ಅಂದ್ಲು. ಗೊತ್ತಿರ್ಲಿಲ್ಲ ನಂಗೆ."

ಮಳವಳ್ಳಿಯ ರೂಮಿನಲ್ಲಿ ಕಿಟಕಿಗೆ ಕಿವಿಕೊಟ್ಟು ಕೂತವಳು, ಮದ್ದೂರಿನಲ್ಲಿ ಗೋಡೆ ನೋಡುತ್ತಾ ಉಂಡವಳು ನಾನು. ಒಂಟಿತನ ಏನಿದ್ದರೂ ನನ್ನೊಬ್ಬಳ ಪಾಲಿನದು, ಅತ್ತಿಗೆಗೆ ತುಂಬಿದ ಮನೆ ಎಂದು ತಿಳಿದಿದ್ದೆ. ಭಾನುವಾರದ ಫೋನು ನನಗಾಗಿ ಅಂತ ತಿಳಿದಿದ್ದೆ.

"ನಂಗ್ಯಾಕೆ ಏಳ್ಲಿಲ್ಲ ಅಣ್ಣ?"

"ಏಳ್ಬ್ಯಾಡ ಅಂದ್ಲು. ಅವ್ಳು ವಾಪಸ್ ಬತ್ತಾಳೆ ಅಂತ್ಲೇ ಇರ್ಲಿ ಬುಡು, ಅದೇ ಚೆಂದಾಗದೆ ಅಂದ್ಲು."

ಒಳಗೆ ಅಣ್ಣನ ಸೊಸೆ ತೊಳೆದ ಪಾತ್ರೆಗಳನ್ನು ಮಗುಚಿ ಹಾಕುತ್ತಿದ್ದಳು. ಅಣ್ಣ ಎದ್ದು ಟೀವಿ ಆರಿಸುವುದು ಹೇಗೆಂದು ತಿಳಿಯದೆ ಪ್ಲಗ್ಗನ್ನೇ ಕಿತ್ತು, ಮತ್ತೆ ಬಂದು ಕೂತ.

"ಈಗೇಳು. ಯಾವ್ದು ಫಸ್ಟು?"

"ಬಾವಿ."

"ಅವ್ಳಿದ್ದಾಗ್ಲೇ ಒಪ್ಕಂಡಿದ್ರೆ ನಿಂಗೇನ್ ಗಂಟು ಓಯ್ತಿತ್ತು? ಎಷ್ಟ್ ವರ್ಸ ಬಡ್ಕಂಡ್ಲು ಫೋನ್ನಾಗೆ."

ಅಣ್ಣನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಬಾವಿಯೇ ದೊಡ್ಡದೆಂದು ನನಗೆ ಯಾವತ್ತೋ ಗೊತ್ತಿತ್ತು, ಕೊನೆ ನೋಡದೆಯೂ ಗೊತ್ತಿತ್ತು. ಒಪ್ಪಿಬಿಟ್ಟರೆ ಮುಂದಿನ ಭಾನುವಾರ ಅವಳು ಏನು ಹೇಳಿ ಮಾತು ಶುರು ಮಾಡುತ್ತಾಳೆ ಎಂದು ಹೆದರಿಕೊಂಡು ಕೊಡೆ ಹಿಡಿದು ಕೂತಿದ್ದೆ. ಈಗ ಒಪ್ಪಿದ್ದೇನೆ. ಇವತ್ತು ಭಾನುವಾರ.